413 ವಿಮಾನ, 653 ಸೀಟು: ಪೈಲಟ್ ಪ್ಯಾರಾಚೂಟಿನ ಲೆಕ್ಕ ಇಟ್ಟವರು ಯಾರು?

ಎಚ್.ಡಿ. ಕೋಟೆಯ ನೆರೆ ಜಿಲ್ಲೆ ಚಾಮರಾಜನಗರದ ಭೋಗಾಪುರದ ಬಳಿ 2023ರ ಜೂನ್ 1ರಂದು ವಾಯುಪಡೆಯ ಕಿರಣ್ ತರಬೇತಿ ವಿಮಾನ ಬಯಲಿಗೆ ಬಿದ್ದು ಉರಿದುಹೋಯಿತು. ಇಬ್ಬರು ಪೈಲಟ್‌ಗಳೂ ಪ್ಯಾರಾಚೂಟಿನಲ್ಲಿ ಇಳಿದು ಬದುಕಿದರು. 2019ರ ಫೆಬ್ರುವರಿ 1ರಂದು ಬೆಂಗಳೂರಿನ ಎಚ್‌ಎಎಲ್ ನಿಲ್ದಾಣದಲ್ಲಿ ಮಿರಾಜ್-2000 ಬಿದ್ದಾಗ ಇಬ್ಬರೂ ಹೊರಚಿಮ್ಮಿದ್ದರು, ಆದರೆ ಒಬ್ಬರೂ ಉಳಿಯಲಿಲ್ಲ. ಅದೇ ತಿಂಗಳ 19ರಂದು ಯಲಹಂಕದಲ್ಲಿ ಸೂರ್ಯಕಿರಣ್ ತಂಡದ ಎರಡು ಹಾಕ್ ವಿಮಾನಗಳು ಡಿಕ್ಕಿಯಾದಾಗ ಮೂವರಲ್ಲಿ ಇಬ್ಬರು ಪಾರಾದರು. ಮೂರು ಅವಘಡ, ಏಳು ಪೈಲಟ್‌ಗಳು, ಬದುಕಿದವರು ನಾಲ್ವರು.

ಎಷ್ಟು ಸೀಟು?

ಅಪಾಯದಲ್ಲಿ ಪೈಲಟ್‌ನನ್ನು ಹೊರಚಿಮ್ಮಿಸುವುದು ಸಿಡಿದು ಮೇಲೇಳುವ ಸೀಟು. ಇಂಥ ಸೀಟಿನ ಮೂರು ಬಗೆಯ ವಿಮಾನಗಳಿಗೆ ದೇಶ ಕೊಟ್ಟಿರುವ ಆರ್ಡರ್‌ಗಳನ್ನು ಕೂಡಿಸಿದರೆ ಸಿಗುವ ಲೆಕ್ಕ ಇದು:

- ತೇಜಸ್, ಮೊದಲ ಆರ್ಡರ್: 40 ವಿಮಾನ (ಎರಡು ಸೀಟಿನವು 8) – 48 ಸೀಟು
- ತೇಜಸ್ ಮಾರ್ಕ್-1ಎ, 2021: 83 ವಿಮಾನ (ಎರಡು ಸೀಟಿನವು 10) – 93 ಸೀಟು
- ತೇಜಸ್ ಮಾರ್ಕ್-1ಎ, 2025: 97 ವಿಮಾನ (ಎರಡು ಸೀಟಿನವು 29) – 126 ಸೀಟು
- ಎಚ್‌ಟಿಟಿ-40 ತರಬೇತಿ ವಿಮಾನ, 2023: 70 – 140 ಸೀಟು
- ಹಾಕ್ ತರಬೇತಿ ವಿಮಾನ, 2004 ಮತ್ತು 2010: 123 – 246 ಸೀಟು

ಒಟ್ಟು 413 ವಿಮಾನ, 653 ಸೀಟು. ಸೀಟಿಗೊಂದರಂತೆ ಮುಖ್ಯ ಪ್ಯಾರಾಚೂಟ್ ಕೂಡ 653. 2025ರ ತೇಜಸ್ ಒಪ್ಪಂದದ ಮೊತ್ತ ₹62,370 ಕೋಟಿ. ಬಿಡಿಭಾಗ, ಸಲಕರಣೆ ಎಲ್ಲ ಸೇರಿ ವಿಮಾನವೊಂದಕ್ಕೆ ಸರಾಸರಿ ₹643 ಕೋಟಿ ಬೀಳುತ್ತದೆ. ₹6,828 ಕೋಟಿಯ ಎಚ್‌ಟಿಟಿ-40 ಒಪ್ಪಂದದಲ್ಲಿ ಈ ಸರಾಸರಿ ₹97.5 ಕೋಟಿ.

ಬೆನ್ನುಮೂಳೆಯ ಮೇಲೆ ಎಷ್ಟು ಭಾರ?

ಸೀಟು ಸಿಡಿಯುವ ಕ್ಷಣದಲ್ಲಿ ಪೈಲಟ್ ಮೇಲೆ ಗುರುತ್ವದ 14ರಿಂದ 20 ಪಟ್ಟು ಬಲ ಬೀಳಬಹುದು. 16 ಪಟ್ಟು ಎಂದಿಟ್ಟುಕೊಂಡರೂ 75 ಕೆ.ಜಿ. ದೇಹ 1,200 ಕೆ.ಜಿ. ತೂಗುತ್ತದೆ. ಕೊಡಗಿನ ನಂದಾ ಕಾರ್ಯಪ್ಪ 1965ರ ಸೆಪ್ಟೆಂಬರ್ 22ರಂದು ಪಾಕಿಸ್ತಾನದ ನೆಲದ ಮೇಲೆ ಹಂಟರ್ ವಿಮಾನದಿಂದ ಹೊರಚಿಮ್ಮಿ ಬದುಕಿದರಾದರೂ ಬೆನ್ನುಮೂಳೆಗೆ ಪೆಟ್ಟಾಯಿತು. ಮುಂದೆ ಅವರು ಏರ್ ಮಾರ್ಷಲ್ ಆದರು.

ಒಂದು ಬೋಲ್ಟ್, ಒಂದು ಜೀವ

ಇಂದಿನ ‘ಜೀರೊ-ಜೀರೊ’ ಸೀಟು ನಿಂತ ವಿಮಾನದಿಂದಲೂ ಪೈಲಟ್‌ನನ್ನು ಉಳಿಸಬೇಕು. 2011ರ ನವೆಂಬರ್ 8ರಂದು ಬ್ರಿಟನ್ನಿನ ಸ್ಕ್ಯಾಂಪ್ಟನ್ ನೆಲೆಯಲ್ಲಿ ನಿಂತಿದ್ದ ಹಾಕ್‌ನ ಸೀಟು ಆಕಸ್ಮಿಕವಾಗಿ ಸಿಡಿಯಿತು. ಕೊಂಡಿಯ ಬೋಲ್ಟನ್ನು ಅತಿಯಾಗಿ ಬಿಗಿದಿದ್ದರಿಂದ ಮುಖ್ಯ ಪ್ಯಾರಾಚೂಟ್ ಬಿಚ್ಚಿಕೊಳ್ಳಲಿಲ್ಲ. ಫ್ಲೈಟ್ ಲೆಫ್ಟಿನೆಂಟ್ ಶಾನ್ ಕನ್ನಿಂಗ್‌ಹ್ಯಾಮ್ ಸತ್ತರು. ಬೋಲ್ಟ್ ಹೀಗೆ ಬಿಗಿದರೆ ಅಪಾಯವೆಂಬ ಎಚ್ಚರಿಕೆ ಬ್ರಿಟಿಷ್ ವಾಯುಪಡೆಗೆ ತಲುಪಿರಲಿಲ್ಲ. ತಪ್ಪೊಪ್ಪಿಕೊಂಡ ತಯಾರಕ ಮಾರ್ಟಿನ್-ಬೇಕರ್ ಕಂಪನಿಗೆ 2018ರಲ್ಲಿ 11 ಲಕ್ಷ ಪೌಂಡ್ ದಂಡ ಬಿತ್ತು. ಆಗಿನ ದರದಲ್ಲಿ ಸುಮಾರು ₹10 ಕೋಟಿ. ಅದೇ ಮಾರ್ಕ್-10 ಸರಣಿಯ ಸೀಟು ನಮ್ಮ ಹಾಕ್‌ಗಳಲ್ಲೂ ಇದೆ. ತೇಜಸ್‌ನದು ಅದೇ ಕಂಪನಿಯ ಮಾರ್ಕ್-16.

2022ರಲ್ಲಿ ಅಮೆರಿಕದ ಎಫ್-35 ಒಂದರ ತಪಾಸಣೆಯಲ್ಲಿ ಸೀಟಿನ ಸಿಡಿಮದ್ದಿನ ಕಾರ್ಟ್ರಿಡ್ಜ್ ದೋಷ ಸಿಕ್ಕಿತು. ಆ ಸುದ್ದಿ ಮುಂದಕ್ಕೆ ಹರಿದಿದ್ದರಿಂದಲೇ ಸುಮಾರು 300 ತರಬೇತಿ ವಿಮಾನಗಳನ್ನು ನೆಲಕ್ಕಿಳಿಸಿ ನೋಡಲು ಸಾಧ್ಯವಾಯಿತು.

ಇಲ್ಲಿ ನೋಡುವವರು

ಭಾರತದಲ್ಲಿ ಸೇನಾ ವಿಮಾನಗಳ ಹಾರಾಟ ಯೋಗ್ಯತೆಗೆ ಮುದ್ರೆ ಒತ್ತುವುದು ಬೆಂಗಳೂರಿನ ಸೆಮಿಲ್ಯಾಕ್. ತಯಾರಿಕೆಯ ಗುಣಮಟ್ಟ ನೋಡುವುದು ಡಿಜಿಎಕ್ಯುಎ. ಎರಡೂ ಸಂಸ್ಥೆಗಳಿಗೆ 2021ರ ‘ಇಮ್‌ಟಾರ್-21’ ನಿಯಮಾವಳಿಯೇ ಆಧಾರ. 2025ರ ಡಿಸೆಂಬರ್‌ನಲ್ಲಿ ಚಂಡೀಗಢದ ರಾಕೆಟ್ ಸ್ಲೆಡ್ ಹಳಿಯ ಮೇಲೆ ಡಿಆರ್‌ಡಿಒ ತೇಜಸ್‌ನ ಮುಂಭಾಗವನ್ನು ಗಂಟೆಗೆ 800 ಕಿ.ಮೀ. ವೇಗದಲ್ಲಿ ಓಡಿಸಿ ಪೈಲಟ್ ಪಾರಾಗುವ ವ್ಯವಸ್ಥೆಯನ್ನು ಪರೀಕ್ಷಿಸಿತು. ಅಂದರೆ ಸೆಕೆಂಡಿಗೆ 222 ಮೀಟರ್.

ಪರೀಕ್ಷೆ ಒಂದು ದಿನದ್ದು. ಆದರೆ ಪ್ಯಾರಾಚೂಟ್, ಕಾರ್ಟ್ರಿಡ್ಜ್‌ಗಳಿಗೆ ಬಳಕೆಯ ಅವಧಿ ಇರುತ್ತದೆ; ಅವಧಿ ಮುಗಿದಂತೆಲ್ಲ ಬದಲಿಸುತ್ತಲೇ ಇರಬೇಕು. ವಿಮಾನದ ಬೆಲೆ ಸಾರುವ ರಕ್ಷಣಾ ಸಚಿವಾಲಯ, ಈ 653ರಲ್ಲಿ ಬಳಕೆಗೆ ಬಂದಿರುವ ಎಷ್ಟು ಸೀಟುಗಳ ತಪಾಸಣೆ ಸಕಾಲಕ್ಕೆ ಮುಗಿಯಿತು ಎಂಬ ಒಂದು ಸಾಲನ್ನೂ ವರ್ಷಕ್ಕೊಮ್ಮೆ ಪ್ರಕಟಿಸಲಿ.

ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರದ ರೈತರಿಗೂ ಒಂದು ಮಾತು: ಹೊಗೆಸೊಪ್ಪಿನ ಹೊಲದಲ್ಲಿ ಸೀಟು ಬಿದ್ದದ್ದು ಕಂಡರೆ ಮುಟ್ಟಬೇಡಿ, ಸಿಡಿಯದ ಮದ್ದು ಅದರಲ್ಲಿ ಉಳಿದಿರಬಹುದು. ಪೈಲಟ್ ಬಿದ್ದಿದ್ದರೆ, ಬೆಂಕಿಯ ಅಪಾಯವಿಲ್ಲದಿದ್ದರೆ, ಎತ್ತಿ ಕೂರಿಸಬೇಡಿ. ಮಲಗಿದ್ದಂತೆಯೇ ಬಿಟ್ಟು 112ಕ್ಕೆ ಕರೆ ಮಾಡಿ.