ಹಿತ್ತಿಲ ಹೊಗೆಯೊಲೆ

ಸಾಹಿತ್ಯದ ಮೇಷ್ಟರು ಒಲೆಯ ಮಾತೆತ್ತಿದರೆ ಹುಬ್ಬೇರಿಸುವವರು ಉಂಟು. ಅವರಿಗೆ ನನ್ನದೊಂದು ಸಣ್ಣ ಸಮಾಧಾನ. ನಮ್ಮ ಹಿಂದಿನವರು ಅಡುಗೆಯನ್ನು ಕಾವ್ಯಕ್ಕೆ ಹೊರಗಿನ ಸಂಗತಿಯೆಂದು ಎಣಿಸಲಿಲ್ಲ. ಸುಮಾರು 1508ರಲ್ಲಿದ್ದ ಮೂರನೆಯ ಮಂಗರಸ ಪಾಕವಿಧಾನಗಳನ್ನೇ ಷಟ್ಪದಿಗೆ ಅಳವಡಿಸಿ ಅದಕ್ಕೆ 'ಸೂಪಶಾಸ್ತ್ರ' ಎಂದು ಹೆಸರಿಟ್ಟ. ಅವನದು ಜೈನರ ಮನೆಯ ಅಡುಗೆ; ಅಲ್ಲಿ ಮಾಂಸದ ಸುಳಿವಿಲ್ಲ. ಆದರೆ ಅವನಿಗಿಂತ ಮುನ್ನೂರೈವತ್ತು ವರ್ಷಗಳಿಗೂ ಹಿಂದೆ, ಕಲ್ಯಾಣದಲ್ಲಿ ಆಳಿದ ಚಾಳುಕ್ಯ ದೊರೆ ಮೂರನೆಯ ಸೋಮೇಶ್ವರನ ಹೆಸರಿನಲ್ಲಿರುವ ಸಂಸ್ಕೃತ ಗ್ರಂಥ 'ಮಾನಸೋಲ್ಲಾಸ'ದಲ್ಲಿ ಮಾಂಸವನ್ನು ಕೆಂಡದ ಮೇಲೆ ಸುಡುವ ಕ್ರಮವನ್ನು ಬಿಡಿಸಿ ಹೇಳಿದೆ. ಚಕ್ರವರ್ತಿಗೆ ಒಪ್ಪಿದ ವಿಷಯ ನಿವೃತ್ತ ಅಧ್ಯಾಪಕನಿಗೆ ಒಪ್ಪದೆ ಹೋಗಲಾರದು.

ಆದರೆ ನಾನಿಂದು ಹೇಳಹೊರಟಿರುವುದು ಕಲ್ಯಾಣದ ಒಲೆಯನ್ನಲ್ಲ, ಟೆಕ್ಸಸ್ ಸೀಮೆಯ ಒಲೆಯನ್ನು. ಅಮೆರಿಕದ ಮನೆಗಳ ಹಿತ್ತಿಲಲ್ಲಿ ಕಾಣುವ, ಅಲ್ಲಿಯವರು 'ಸ್ಮೋಕರ್' ಎಂದು ಕರೆಯುವ ಕಬ್ಬಿಣದ ಸಾಧನ ಅದು; ನಾನು ಹೊಗೆಯೊಲೆ ಎನ್ನುತ್ತೇನೆ. ನಮ್ಮವರ ಮಕ್ಕಳು ಅನೇಕರು ಆ ದೇಶದಲ್ಲಿ ಮನೆ ಮಾಡಿದ್ದಾರೆ. ಯುಗಾದಿಗೋ ರಾಜ್ಯೋತ್ಸವಕ್ಕೋ ಮೂವತ್ತು ನಲವತ್ತು ಮಂದಿಯನ್ನು ಮನೆಗೆ ಕರೆದು ಬಡಿಸುತ್ತಾರೆ. ತಂದೆತಾಯಿಗಳಾದ ನಾವು ಆರು ತಿಂಗಳ ಮಟ್ಟಿಗೆ ಹೋಗಿ ಆ ಹಿತ್ತಿಲಲ್ಲಿ ಕುರ್ಚಿ ಹಾಕಿಕೊಂಡು ಕೂರುವವರು. ಹೀಗೆ ಕುಳಿತ ಎರಡು ಬೇಸಗೆಗಳಲ್ಲಿ ಈ ಒಲೆಯ ವಿಷಯವಾಗಿ ನಡೆದ ಚರ್ಚೆ ನಮ್ಮ ವಿದ್ವತ್ಸಭೆಗಳಲ್ಲಿ ಛಂದಸ್ಸಿನ ವಿಷಯವಾಗಿಯೂ ನಡೆದುದನ್ನು ನಾನು ಕಾಣೆ.

ಮೊದಲು ಮಾತಿನ ವಿಷಯ. ಬಾರ್ಬೆಕ್ಯೂ ಎಂಬ ಇಂಗ್ಲಿಷ್ ಪದ ಸ್ಪ್ಯಾನಿಷಿನಿಂದ ಬಂದದ್ದು. ಸ್ಪೇನಿನವರು ಅದನ್ನು ಕೆರಿಬಿಯನ್ ದ್ವೀಪಗಳ ಟೈನೊ ಜನರ ನುಡಿಯಿಂದ ಎತ್ತಿಕೊಂಡರು. ಮೂಲದಲ್ಲಿ ಅದು ತಿನಿಸಿನ ಹೆಸರಲ್ಲ. ಕಂಬಗಳ ಮೇಲೆ ನಿಲ್ಲಿಸಿದ ಕಡ್ಡಿಗಳ ಅಟ್ಟಣೆಯ ಹೆಸರು. ಮಲೆನಾಡಿನಲ್ಲಿ ಹುಟ್ಟಿದ ನನಗೆ ಇದನ್ನು ಓದಿದಾಗ ಒಲೆಯ ಮೇಲಿನ ಅಟ್ಟ ಕಣ್ಣೆದುರು ಬಂತು. ಮಳೆಗಾಲದಲ್ಲಿ ಹೊಗೆ ಹಿಡಿದು ಒಣಗುತ್ತಿದ್ದ ಮಾಂಸದ ಸರ, ಮೀನು, ಹುಳಿ ಎಲ್ಲಕ್ಕೂ ಅದೇ ಆಶ್ರಯ. ಬೆಂಕಿಗೆ ಮುಟ್ಟಿಸದೆ ಬೆಂಕಿಯ ಉಸಿರನ್ನು ಮಾತ್ರ ಮುಟ್ಟಿಸುವ ಉಪಾಯ ಯಾವ ಒಂದು ಜನಾಂಗದ ಸ್ವತ್ತೂ ಅಲ್ಲ.

ಸುಡುವುದು ಬೇರೆ, ಹೊಗೆಯಲ್ಲಿ ಬೇಯಿಸುವುದು ಬೇರೆ. ಸುಡುವಾಗ ಕೆಂಡ ಕೆಳಗೆ, ಮಾಂಸ ನೇರ ಮೇಲೆ. ಹತ್ತಿಪ್ಪತ್ತು ನಿಮಿಷದ ಕೆಲಸ. ಹೊಗೆಯೊಲೆಯಲ್ಲಿ ಬೆಂಕಿಗೂ ಆಹಾರಕ್ಕೂ ನಡುವೆ ಅಂತರವಿರುತ್ತದೆ ಅಥವಾ ಅಡ್ಡತಡೆಯಿರುತ್ತದೆ. ಒಳಗಿನ ಗಾಳಿಯ ಶಾಖವನ್ನು 107ರಿಂದ 135 ಡಿಗ್ರಿ ಸೆಂಟಿಗ್ರೇಡಿನ ನಡುವೆ ಹಿಡಿದು ಹತ್ತು ಹನ್ನೆರಡು ಗಂಟೆ ಕಾಯುತ್ತಾರೆ. ಇಷ್ಟು ಕಾಲ ಏಕೆಂದರೆ, ಇದಕ್ಕೆ ಆರಿಸುವುದು ಪ್ರಾಣಿಯ ದುಡಿದ ಅಂಗಗಳ ಮಾಂಸ. ಟೆಕ್ಸಸ್ಸಿನವರು ದನದ ಎದೆಯ ಭಾಗವನ್ನು, ಕೆರೊಲಿನಾ ಸೀಮೆಯವರು ಹಂದಿಯ ಭುಜವನ್ನೋ ಇಡೀ ಹಂದಿಯನ್ನೋ ಹಿಡಿಯುತ್ತಾರೆ. ಇವುಗಳಲ್ಲಿ ಕೊಲಾಜೆನ್ ಎಂಬ ಗಟ್ಟಿ ತಂತು ಹೆಚ್ಚು. ಮಂದವಾದ ಶಾಖದಲ್ಲಿ ಗಂಟೆಗಟ್ಟಲೆ ಇಟ್ಟರೆ ಆ ತಂತು ಕರಗಿ ಜೆಲಾಟಿನ್ ಆಗುತ್ತದೆ. ಹಲ್ಲಿಗೆ ಸಿಗದ ಮಾಂಸ ಬೆರಳಿಗೆ ಬಿಡಿಸಿಕೊಳ್ಳುವಷ್ಟು ಮೆತ್ತಗಾಗುತ್ತದೆ. ಒಳಶಾಖ 95 ಡಿಗ್ರಿಯ ಆಸುಪಾಸಿಗೆ ಬಂದಾಗ ಇಳಿಸುವುದು ರೂಢಿ.

ನಡುವೆ ಒಂದು ಚಮತ್ಕಾರ ನಡೆಯುತ್ತದೆ. ಒಳಶಾಖ 65, 70 ಡಿಗ್ರಿಗೆ ಏರಿದ ಮೇಲೆ ಮುಂದಕ್ಕೆ ಹೋಗದೆ ಗಂಟೆಗಳ ಕಾಲ ಅಲ್ಲೇ ನಿಂತುಬಿಡುತ್ತದೆ. ಹೊಸಬರು ಗಾಬರಿಯಾಗಿ ಸೌದೆ ತುರುಕುತ್ತಾರೆ. ಕಾರಣ ಸರಳ: ಮಾಂಸದ ಮೈಯಿಂದ ನೀರು ಆವಿಯಾಗುತ್ತ ಅದನ್ನು ತಂಪುಗೊಳಿಸುತ್ತಿರುತ್ತದೆ, ನಮ್ಮ ಮಣ್ಣಿನ ಹೂಜಿಯ ನೀರು ತಂಪಾಗುವುದೂ ಹೀಗೆಯೇ. ಒಂದು ದಪ್ಪ ಕಾಗದದಲ್ಲೋ ಅಲ್ಯೂಮಿನಿಯಂ ಹಾಳೆಯಲ್ಲೋ ಸುತ್ತಿಟ್ಟರೆ ಆವಿ ತಗ್ಗಿ ಶಾಖ ಮತ್ತೆ ಏರುತ್ತದೆ. ನಲವತ್ತು ಜನ ಬಾಗಿಲಲ್ಲಿ ನಿಂತಿರುವಾಗ ಈ ಭೌತಶಾಸ್ತ್ರ ತಿಳಿದಿದ್ದರೆ ಒಳ್ಳೆಯದು.

ಈಗ ಒಲೆಗಳಿಗೆ ಬರೋಣ. ಅಂಗಡಿಗೆ ಹೋದರೆ ಮೊದಲು ಕಣ್ಣು ಸೆಳೆಯುವುದು 'ಆಫ್‌ಸೆಟ್' ಎಂಬುದು: ಮಲಗಿಸಿದ ದಪ್ಪ ಕೊಳವೆ, ಅದರ ಒಂದು ಪಕ್ಕಕ್ಕೆ ಅಂಟಿಸಿದ ಬೆಂಕಿಗೂಡು, ಇನ್ನೊಂದು ಪಕ್ಕಕ್ಕೆ ಹೊಗೆಕೊಳವೆ. ತೈಲಬಾವಿಗಳ ನಾಡಾದ ಟೆಕ್ಸಸ್ಸಿನಲ್ಲಿ ಹಳೆಯ ಎಣ್ಣೆಕೊಳವೆಗಳನ್ನೇ ಕೊಯ್ದು ಬೆಸೆದು ಇಂಥವನ್ನು ಮಾಡಿದರು. ಇದರಲ್ಲಿ ಉರಿಯುವುದು ಇದ್ದಿಲಲ್ಲ, ಸೌದೆ. ಹೆಚ್ಚಾಗಿ ಪೋಸ್ಟ್ ಓಕ್ ಎಂಬ ಮರದ್ದು. ರುಚಿಯಲ್ಲಿ ಇದಕ್ಕೆ ಸಮನಾದುದಿಲ್ಲವೆಂದು ಅನೇಕರು ಆಣೆಯಿಟ್ಟು ಹೇಳುತ್ತಾರೆ, ನಾನೂ ಒಪ್ಪುತ್ತೇನೆ. ಆದರೆ ಆ ರುಚಿಯ ಬೆಲೆ ಡಾಲರಿನಲ್ಲಿ ಮಾತ್ರ ತೀರುವುದಲ್ಲ. ಅರ್ಧ ಮುಕ್ಕಾಲು ಗಂಟೆಗೊಮ್ಮೆ ಒಂದು ಸೌದೆ ಹಾಕಬೇಕು. ರಾತ್ರಿಯೆಲ್ಲ ಒಬ್ಬರು ಎದ್ದಿರಬೇಕು. ಕಾಲಂಗುಲ ದಪ್ಪದ ಉಕ್ಕಿನದಾದರೆ ಶಾಖ ನಿಲ್ಲುತ್ತದೆ, ಆದರೆ ನಾಲ್ಕಾರು ಜನ ಸೇರದೆ ಅದು ಕದಲುವುದಿಲ್ಲ, ಬೆಲೆಯೂ ಸಾವಿರಗಳ ಲೆಕ್ಕ. ಅಗ್ಗಕ್ಕೆ ಸಿಗುವುದು ತೆಳು ತಗಡಿನದು. ಮುಚ್ಚಳದ ಸಂದಿಯಲ್ಲೆಲ್ಲ ಹೊಗೆ ಸೋರುತ್ತದೆ, ಗಾಳಿ ಬೀಸಿದರೆ ಶಾಖ ಕುಸಿಯುತ್ತದೆ, ಬೆಂಕಿಗೂಡಿನ ಬಳಿಯ ತುಂಡು ಕಮರುವಾಗ ಆಚೆ ತುದಿಯದು ಇನ್ನೂ ಬೇಯದೆ ಕುಳಿತಿರುತ್ತದೆ. ಆಫ್‌ಸೆಟ್ ಕೊಳ್ಳುವುದಾದರೆ ದಪ್ಪದ್ದನ್ನು ಕೊಳ್ಳಬೇಕು, ಇಲ್ಲವೇ ಕೊಳ್ಳಬಾರದು.

ಹೊಗೆಯ ಬಣ್ಣವನ್ನು ಇಲ್ಲಿಯೇ ಹೇಳಿಬಿಡುತ್ತೇನೆ. ಗಾಳಿ ಸಾಲದೆ ಉಸಿರುಕಟ್ಟಿದ ಸೌದೆ ದಟ್ಟ ಬಿಳಿಯ ಹೊಗೆ ಕಾರುತ್ತದೆ; ಅದು ಮಾಂಸಕ್ಕೆ ಕಹಿ ಹಿಡಿಸುತ್ತದೆ. ಚೆನ್ನಾಗಿ ಒಣಗಿದ ಸೌದೆ ಸಣ್ಣ ಜ್ವಾಲೆಯಲ್ಲಿ ಉರಿದಾಗ ಬರುವುದು ಕಂಡೂ ಕಾಣದ ತೆಳುನೀಲಿ ಹೊಗೆ. ಮರದ ಲಿಗ್ನಿನ್ ಒಡೆದು ಹುಟ್ಟುವ ಗ್ವಾಯಾಕಾಲ್ ಮೊದಲಾದ ವಸ್ತುಗಳ ಪರಿಮಳ ಅದರಲ್ಲಿರುತ್ತದೆ. ಬಹು ದೊಡ್ಡ ಒಲೆಯನ್ನು ಸಣ್ಣ ಸಂಸಾರಕ್ಕೆ ಕೊಳ್ಳಬಾರದು ಎನ್ನುವುದಕ್ಕೆ ಇದೂ ಒಂದು ಕಾರಣ. ದೊಡ್ಡ ಹೊಟ್ಟೆಯನ್ನು ಬಿಸಿ ಮಾಡಲು ದೊಡ್ಡ ಬೆಂಕಿ ಬೇಕು. ನಾಲ್ಕು ಜನರ ಊಟಕ್ಕೆ ನಾಲ್ವತ್ತು ಜನರ ಸೌದೆ.

ಎರಡನೆಯದು ನಿಂತ ಒಲೆ. ಗುಂಡಿನ ಆಕಾರದ್ದಾದ್ದರಿಂದ 'ಬುಲೆಟ್' ಎಂಬ ಅಡ್ಡಹೆಸರು. ಕೆಳಗೆ ಇದ್ದಿಲು, ನಡುವೆ ನೀರಿನ ಬೋಗುಣಿ, ಅದರ ಮೇಲೆ ಒಂದರ ಮೇಲೊಂದು ಎರಡು ಜಾಲರಿ. ನೀರು ಕೆಂಡದ ನೇರ ಝಳವನ್ನು ತಡೆದು ಶಾಖವನ್ನು ಹಿಡಿತದಲ್ಲಿಡುತ್ತದೆ. 1952ರಲ್ಲಿ ಚಿಕಾಗೋ ಸಮೀಪದ ಲೋಹದ ಕಾರ್ಖಾನೆಯೊಂದರಲ್ಲಿದ್ದ ಜಾರ್ಜ್ ಸ್ಟೀಫನ್ ಎಂಬಾತ ನೀರಿನ ಮೇಲೆ ತೇಲಿಸುವ ಲೋಹದ ಬುರುಡೆಯನ್ನು ಎರಡು ಹೋಳು ಮಾಡಿ ವೆಬರ್ ಕೆಟಲ್ ಎಂಬ ಗುಂಡು ಒಲೆಯನ್ನು ಕಟ್ಟಿದ. ಅದೇ ಸಂಸ್ಥೆ 1981ರಲ್ಲಿ ಈ ನಿಂತ ಒಲೆಯನ್ನು ಮಾರುಕಟ್ಟೆಗೆ ತಂದಿತು. ಉರಿಯದ ಇದ್ದಿಲನ್ನು ತುಂಬಿ ಅದರ ಮೇಲೆ ಒಂದಿಷ್ಟು ಕೆಂಡ ಸುರಿದು ಗಾಳಿಕಂಡಿಗಳನ್ನು ಕಿರಿದಾಗಿಸಿದರೆ ಎಂಟು ಹತ್ತು ಗಂಟೆ ತನ್ನಷ್ಟಕ್ಕೆ ನಡೆಯುತ್ತದೆ. ಪರಿಮಳಕ್ಕೆ ಮೂರು ನಾಲ್ಕು ಸೌದೆ ಚೂರು ಸಾಕು. ಮನೆಯವನು ನಿದ್ರೆ ಮಾಡಬಹುದು.

ಮೂರನೆಯದು ಪಿಂಗಾಣಿಯದು, ಮೊಟ್ಟೆಯಾಕಾರದ್ದು. ಕಮಾಡೊ ಎಂಬ ಹೆಸರು ಜಪಾನೀ. ಆ ನುಡಿಯಲ್ಲಿ ಒಲೆ ಎಂದೇ ಅರ್ಥ. ದಪ್ಪ ಗೋಡೆಯಾದ್ದರಿಂದ ಇದ್ದಿಲು ಬಹಳ ಮಿತ. ಆದರೆ ಅಗಲ ಕಡಿಮೆ, ಬೆಲೆ ಹೆಚ್ಚು. ಒಂದು ಸಂಸಾರಕ್ಕೆ ಚೆನ್ನ, ಗುಂಪಿಗೆ ಇಕ್ಕಟ್ಟು. ಅನಿಲದ್ದು, ವಿದ್ಯುತ್ತಿನದು ಎಂಬ ಬೀರುಗಳೂ ಇವೆ. ಅವು ಕೆಲಸ ಮಾಡುತ್ತವೆ, ಅಷ್ಟೆ.

ಇತ್ತೀಚೆಗೆ ಹೆಚ್ಚು ಮನೆಗಳಲ್ಲಿ ಕಾಣುವುದು 'ಪೆಲೆಟ್' ಒಲೆ. ಮರದ ಹೊಟ್ಟನ್ನು ಒತ್ತಿ ಮಾಡಿದ ಬೆರಳುಗಾತ್ರಕ್ಕೂ ಕಿರಿದಾದ ಗುಳಿಗೆಗಳನ್ನು ಒಂದು ತಿರುಪು ತಳ್ಳುತ್ತದೆ, ಒಂದು ಫ್ಯಾನು ಊದುತ್ತದೆ, ಶಾಖವನ್ನು ಯಂತ್ರವೇ ನೋಡಿಕೊಳ್ಳುತ್ತದೆ. ಒರೆಗಾನ್ ರಾಜ್ಯದ ಜೋ ಟ್ರೇಗರ್ ಎಂಬಾತ 1980ರ ದಶಕದಲ್ಲಿ ಇದನ್ನು ರೂಪಿಸಿದ. ಇದು ಒಲೆಯೇ ಅಲ್ಲ ಎಂದು ಹಳಬರು ಮೂಗು ಮುರಿಯುತ್ತಾರೆ. ಹೊಗೆಯ ಪರಿಮಳ ತುಸು ಮೆಲುವೆಂಬುದು ನಿಜ. ಆದರೆ ಐದು ದಿನ ಕಚೇರಿಯಲ್ಲಿ ದುಡಿದು ಶನಿವಾರ ನಲವತ್ತು ಜನರನ್ನು ಕರೆದಿರುವ ದಂಪತಿಗಳಿಗೆ, ಪಲ್ಯ ಹುಳಿ ಅನ್ನಗಳನ್ನೂ ಅವರೇ ಮಾಡಬೇಕಾಗಿರುವಾಗ, ಬೆಂಕಿ ಕಾಯುವ ಆಳನ್ನು ಎಲ್ಲಿಂದ ತರುವುದು? ವಿದ್ಯುತ್ತು ಹೋದರೆ ಒಲೆಯೂ ಆರುತ್ತದೆ ಎಂಬುದೊಂದನ್ನು ನೆನಪಿನಲ್ಲಿಡಬೇಕು.

ಆಳು ಎಂದೆ. ಈ ಮಾತು ಆ ದೇಶದಲ್ಲಿ ಹಗುರವಾದುದಲ್ಲ. ವರ್ಜೀನಿಯಾ, ಕೆರೊಲಿನಾಗಳ ಹಳೆಯ ಔತಣಗಳಲ್ಲಿ ನೆಲದಲ್ಲಿ ಕಂದಕ ತೋಡಿ, ಸೌದೆ ಉರಿಸಿ, ರಾತ್ರಿಯಿಡೀ ಕೆಂಡ ಸರಿಸುತ್ತ ಮಾಂಸ ತಿರುವಿದವರು ಹೆಚ್ಚಾಗಿ ಗುಲಾಮರಾಗಿದ್ದ ಕರಿಯ ಜನ. ಹಗಲು ಉಂಡವರು ಅವರ ಒಡೆಯರು. ಇಂದು ಅಮೆರಿಕದವರು ತಮ್ಮ ಹೆಮ್ಮೆಯೆಂದು ಹೇಳಿಕೊಳ್ಳುವ ಈ ವಿದ್ಯೆ ಬಹುಮಟ್ಟಿಗೆ ಆ ನಿದ್ದೆಗೆಟ್ಟವರ ಕೈಯಲ್ಲಿ ಬೆಳೆಯಿತು. 1865ರ ಜೂನ್ 19ರಂದು ಟೆಕ್ಸಸ್ಸಿನ ಗ್ಯಾಲ್ವೆಸ್ಟನ್ನಿನಲ್ಲಿ ಬಿಡುಗಡೆಯ ಆಜ್ಞೆ ಸಾರಿದ ಮೇಲೆ ಅವರು ಆ ದಿನವನ್ನು ವರ್ಷವರ್ಷವೂ ಆಚರಿಸಿದರು. ಆ ಹಬ್ಬದ ಊಟವೂ ಇದೇ ಆಯಿತು, ಈ ಬಾರಿ ತಮಗಾಗಿ. 2021ರಲ್ಲಿ ಅದು ರಾಷ್ಟ್ರದ ರಜೆಯಾಯಿತು. ನಡು ಟೆಕ್ಸಸ್ಸಿನ ಲಾಕ್‌ಹಾರ್ಟ್ ಮೊದಲಾದ ಊರುಗಳಲ್ಲಿ ಜರ್ಮನ್ ಮತ್ತು ಚೆಕ್ ವಲಸೆಗಾರರ ಮಾಂಸದಂಗಡಿಗಳು ಇನ್ನೊಂದು ಕವಲು. ಅಲ್ಲಿನ ಕ್ರೈಟ್ಸ್ ಮಾರ್ಕೆಟ್ 1900ರದು. 1963ರ ಡಿಸೆಂಬರಿನಲ್ಲಿ ಅಧ್ಯಕ್ಷ ಲಿಂಡನ್ ಜಾನ್ಸನ್ನರು ಜರ್ಮನಿಯ ಚಾನ್ಸಲರ್ ಎರ್ಹಾರ್ಡರಿಗೆ ತಮ್ಮ ಸೀಮೆಯಲ್ಲಿ ಬಾರ್ಬೆಕ್ಯೂ ಊಟವನ್ನೇ ಹಾಕಿಸಿದರು. 2024ರಲ್ಲಿ ಮಿಷಲಿನ್ ಕೈಪಿಡಿಯವರು ಟೆಕ್ಸಸ್ಸಿನ ಇಂಥ ನಾಲ್ಕು ಅಂಗಡಿಗಳಿಗೆ ಒಂದೊಂದು ನಕ್ಷತ್ರ ಕೊಟ್ಟರು. ಕಂದಕದಿಂದ ನಕ್ಷತ್ರದವರೆಗೆ ದಾರಿ ದೀರ್ಘವಾದುದು.

ಗಾತ್ರದ ಪ್ರಶ್ನೆಯನ್ನು ಲೆಕ್ಕದಿಂದಲೇ ಬಿಡಿಸಬೇಕು. ಮಗಳ ಮನೆಯಲ್ಲಿ ನಡೆದ ಲೆಕ್ಕ ಇದು. ನಲವತ್ತು ಅತಿಥಿಗಳಲ್ಲಿ ಮಾಂಸ ಉಣ್ಣುವವರು ಇಪ್ಪತ್ತನಾಲ್ಕು. ತಲೆಗೆ ಬೆಂದ ಮಾಂಸ ಇನ್ನೂರು ಗ್ರಾಂ ಹಿಡಿದರೆ ಒಟ್ಟು ನಾಲ್ಕು ಕಿಲೊ ಎಂಟುನೂರು ಗ್ರಾಂ. ಹೊಗೆಯಲ್ಲಿ ಬೇಯುವಾಗ ನೀರು ಕೊಬ್ಬುಗಳೆಲ್ಲ ಇಳಿದು, ಮೂಳೆ ತೆಗೆದು, ಹಸಿಯ ತೂಕದಲ್ಲಿ ಹತ್ತಿರಹತ್ತಿರ ಅರ್ಧ ಹೋಗುತ್ತದೆ. ಆದ್ದರಿಂದ ಒಂಬತ್ತು ಹತ್ತು ಕಿಲೊ ಹಸಿ ಮಾಂಸ. ಮೂರೂವರೆ ಕಿಲೊ ತೂಗುವ ಹಂದಿಯ ಭುಜ ಮೂರು. ಹದಿನೆಂಟು ಅಂಗುಲ ಅಡ್ಡಳತೆಯ ನಿಂತ ಒಲೆಯ ಒಂದೊಂದು ಜಾಲರಿಯಲ್ಲಿ ಇಂಥವು ಎರಡು ಹಿಡಿಸುತ್ತವೆ, ನಡುವೆ ಗಾಳಿಯಾಡಲು ಸಂದಿಯನ್ನೂ ಬಿಟ್ಟು. ಎರಡು ಜಾಲರಿಗೆ ನಾಲ್ಕು. ಅಂದರೆ ಅಳಿಯಂದಿರು ಕಣ್ಣಿಟ್ಟಿದ್ದ, ಗ್ಯಾರೇಜಿನಷ್ಟು ಉದ್ದದ ಯಂತ್ರ ಬೇಕಿರಲಿಲ್ಲ. ಅಂಗಡಿಯವರ ಪಟ್ಟಿಯಲ್ಲಿ ಇಷ್ಟು ಚದರ ಅಂಗುಲವೆಂದು ಬರೆದಿರುವುದನ್ನು ನಂಬುವ ಮುನ್ನ ಟೇಪು ಹಿಡಿದು ಅಳೆಯಬೇಕು. ಮುಚ್ಚಳದಡಿಯ ಇಕ್ಕಟ್ಟಾದ ಮೇಲ್ಜಾಲರಿಯನ್ನೂ ಆ ಲೆಕ್ಕಕ್ಕೆ ಸೇರಿಸಿರುವುದುಂಟು, ಅಲ್ಲಿ ಭುಜ ಹೋಗಲಿ, ಕೋಳಿಯ ಕಾಲು ಹಿಡಿಸಿದರೆ ಹೆಚ್ಚು.

ಗುಂಪಿನ ಅಡುಗೆಯಲ್ಲಿ ಒಲೆಗಿಂತ ಗಡಿಯಾರ ಮುಖ್ಯ. ಅಂಥ ಭುಜಕ್ಕೆ ಹತ್ತರಿಂದ ಹದಿನಾಲ್ಕು ಗಂಟೆ ಹಿಡಿಯಬಹುದು. ಊಟದ ಹೊತ್ತಿಗೆ ಸರಿಯಾಗಿ ಮುಗಿಸುತ್ತೇನೆಂದು ಹೊರಟವನು ಅತಿಥಿಗಳನ್ನು ಉಪವಾಸ ಕೂರಿಸುತ್ತಾನೆ. ಮೂರು ಗಂಟೆ ಮೊದಲೇ ಮುಗಿಸಿ, ಬಿಗಿಯಾಗಿ ಸುತ್ತಿ, ಹಳೆಯ ಟವೆಲುಗಳನ್ನು ಹೊದಿಸಿ, ಮಂಜುಗಡ್ಡೆ ಇಡುವ ದಪ್ಪ ಗೋಡೆಯ ಪೆಟ್ಟಿಗೆಯಲ್ಲಿ ಮುಚ್ಚಿಟ್ಟರೆ ಬಿಸಿ ಉಳಿಯುತ್ತದೆ, ಮಾಂಸವೂ ಹದವಾಗುತ್ತದೆ. ಆದರೆ ಶಾಖ 60 ಡಿಗ್ರಿಗಿಂತ ಕೆಳಗಿಳಿಯಬಾರದು. 4ಕ್ಕೂ 60ಕ್ಕೂ ನಡುವೆ ರೋಗಾಣುಗಳು ವೃದ್ಧಿಯಾಗುತ್ತವೆ. ಕೋಳಿಯ ಒಳಶಾಖ 74 ಮುಟ್ಟಲೇಬೇಕು. ಇದನ್ನು ಬಣ್ಣ ನೋಡಿ ತಿಳಿಯುವಂತಿಲ್ಲ. ಹೊಗೆಯ ಅನಿಲಗಳು ಮಾಂಸದ ವರ್ಣದ್ರವ್ಯದೊಡನೆ ಸೇರಿ ಪೂರ್ತಿ ಬೆಂದ ಮಾಂಸವನ್ನೂ ಅಂಚಿನಲ್ಲಿ ಗುಲಾಬಿಯಾಗಿಯೇ ಉಳಿಸುತ್ತವೆ. ಮುಚ್ಚಳದ ಮೇಲೆ ಕೂರಿಸಿರುವ ಮಾಪಕ ಮುಚ್ಚಳದ ಬಳಿಯ ಶಾಖವನ್ನು ಹೇಳುತ್ತದೆಯೇ ಹೊರತು ಮಾಂಸದ್ದನ್ನಲ್ಲ. ಒಲೆಗೆ ಕೊಡುವ ಹಣದಲ್ಲಿ ಸ್ವಲ್ಪ ಉಳಿಸಿ ಮಾಂಸಕ್ಕೆ ಚುಚ್ಚುವ ಒಳ್ಳೆಯ ಉಷ್ಣಮಾಪಕ ಕೊಳ್ಳುವುದು ಲೇಸು. ಮಳೆ ಬಂತೆಂದು ಒಲೆಯನ್ನು ಗ್ಯಾರೇಜಿಗೆ ತಳ್ಳುವುದಂತೂ ಕೂಡದು. ಇದ್ದಿಲಿನ ಕಾರ್ಬನ್ ಮಾನಾಕ್ಸೈಡಿಗೆ ವಾಸನೆಯಿಲ್ಲ, ಅದು ಕೊಲ್ಲುತ್ತದೆ. ಫ್ಲಾಟುಗಳ ಬಾಲ್ಕನಿಯಲ್ಲಿ ಇದ್ದಿಲೊಲೆ ಹಚ್ಚುವುದನ್ನು ಅನೇಕ ಊರುಗಳ ಅಗ್ನಿನಿಯಮಗಳೇ ತಡೆಯುತ್ತವೆ.

ಇನ್ನು ಮಾಂಸ ಮುಟ್ಟದ ಹದಿನಾರು ಜನ. ಅವರಿಗೆ ಮೊಸರನ್ನ ಇದೆಯಲ್ಲ ಎಂದು ಅಳಿಯಂದಿರು ಅಂದುಕೊಂಡಿದ್ದರು. ಮಗಳು ಒಪ್ಪಲಿಲ್ಲ, ಸರಿಯಾಗಿಯೇ ಒಪ್ಪಲಿಲ್ಲ. ಅತಿಥಿಗಳನ್ನು ಕರೆದ ಮೇಲೆ ಆ ಪರಿಮಳದಲ್ಲಿ ಅವರಿಗೂ ಪಾಲಿರಬೇಕು. ಆದರೆ ಮೇಲಿನ ಜಾಲರಿಯ ಕೊಬ್ಬು ಕೆಳಗಿನ ಜಾಲರಿಗೆ ತೊಟ್ಟಿಕ್ಕುತ್ತಿರುವಾಗ ಅದೇ ಒಲೆಯಲ್ಲಿ ಬದನೆ ಇಟ್ಟು 'ಇದು ಸಸ್ಯಾಹಾರ' ಎಂದು ಬಡಿಸುವುದು ಸಲ್ಲದು. ಕೊನೆಗೆ ಅವರು ದೊಡ್ಡದೊಂದರ ಬದಲು ಎರಡು ತಂದರು: ಹದಿನೆಂಟು ಅಂಗುಲದ ನಿಂತ ಒಲೆಯೊಂದು, ತರಕಾರಿಗೆಂದೇ ಒಂದು ಸಾಮಾನ್ಯ ಗುಂಡು ಕೆಟಲ್. ಎರಡೂ ಸೇರಿ ಆ ಉದ್ದ ಯಂತ್ರದ ಬೆಲೆಗೆ ಬಹಳ ಕೆಳಗೇ ಉಳಿದವು. ಕೆಟಲಿನ ಒಂದು ಪಕ್ಕಕ್ಕೆ ಇದ್ದಿಲನ್ನು ಒತ್ತರಿಸಿ, ಅದರ ಮೇಲೆ ಪೆಕಾನ್ ಮರದ ಒಂದು ಚೂರಿಟ್ಟು, ಇನ್ನೊಂದು ಪಕ್ಕದಲ್ಲಿ ಗುಂಡು ಬದನೆ, ಸಿಪ್ಪೆಸಹಿತ ಮುಸುಕಿನ ಜೋಳ, ದಪ್ಪಗೆ ಹೆಚ್ಚಿದ ಪನೀರ್ ಇಟ್ಟು ಮುಚ್ಚಿದರೆ ಸಣ್ಣದೂ ಹೊಗೆಯೊಲೆಯಾಗುತ್ತದೆ. ಪನೀರಿಗೆ ಅರ್ಧ ಗಂಟೆ ಧಾರಾಳ. ಬದನೆಗೆ ಒಂದು ಗಂಟೆಯಾದರೂ ಬೇಕು, ತೊಟ್ಟು ಹಿಡಿದರೆ ಕಳಚಿ ಬರುವಷ್ಟು. ಆ ಬದನೆಯನ್ನು ಸುಲಿದು ಮೊಸರಿಗೆ ಹಾಕಿ, ಹಸಿಮೆಣಸಿನಕಾಯಿ ಒಗ್ಗರಣೆ ಕೊಟ್ಟರೆ ಬಜ್ಜಿ. ಹಂದಿಯ ಭುಜ ಉಣ್ಣಲು ಬಂದಿದ್ದವರೂ ಎರಡನೆಯ ಸಲ ಕೈಯೊಡ್ಡಿದ್ದು ಅದಕ್ಕೇ.