ಚಿಗರಿಗೆ ಎಷ್ಟು ತೂಕದ ಗುಂಡು? ಎರೆಹೊಲದ ಲೆಕ್ಕವೇ ಬೇರೆ

ಹಚ್ಚೊಳ್ಳಿ (ಸಿರುಗುಪ್ಪ ತಾ.): ಮೊಳಕೆಯೊಡೆದ ಕಡಲೆ ಹೊಲಕ್ಕೆ ಚಿಗರಿ ಹಿಂಡು ನುಗ್ಗಿದರೆ ರೈತನ ಕಣ್ಣು ಕೋವಿಯತ್ತ ಹೊರಳುವುದು ಸಹಜ. ಆದರೆ ಜಿಂಕೆ ಬೇಟೆಗೆ ಎಷ್ಟು ತೂಕದ ಗುಂಡು ಸೂಕ್ತ ಎಂಬ ಪ್ರಶ್ನೆಗೆ ಹೊರದೇಶಗಳಲ್ಲಿ ಸಿಗುವ ಉತ್ತರ ಈ ನೆಲಕ್ಕೆ ಒಗ್ಗುವುದಿಲ್ಲ.

ಗುಂಡಿನ ತೂಕವನ್ನು ಗ್ರೇನ್‌ಗಳಲ್ಲಿ ಹೇಳುವುದು ವಾಡಿಕೆ. ಒಂದು ಗ್ರೇನ್ ಎಂದರೆ ಸುಮಾರು 65 ಮಿಲಿಗ್ರಾಂ. ಬೇಟೆಗೆ ಅನುಮತಿಯಿರುವ ಅಮೆರಿಕದಲ್ಲಿ ಬಿಳಿಬಾಲದ ಜಿಂಕೆಗೆ .30-06 ರೈಫಲಿನಿಂದ 150ರಿಂದ 180 ಗ್ರೇನ್, ಅಂದರೆ 10-12 ಗ್ರಾಂ ತೂಕದ ಗುಂಡು ಹಾರಿಸುವುದು ರೂಢಿ. ತೀರ ಹಗುರವಾದ ಗುಂಡು ಮೂಳೆಗೆ ಬಡಿದು ಚೂರಾದರೆ ಗಾಯಗೊಂಡ ಪ್ರಾಣಿ ಓಡಿಹೋಗಿ ನರಳಿ ಸಾಯುತ್ತದೆ. ತೀರ ಭಾರದ್ದು ಸಣ್ಣ ದೇಹದಲ್ಲಿ ಸರಿಯಾಗಿ ಅರಳದೆ ಹಾಯ್ದುಹೋಗಬಹುದು. ತೂಕದಷ್ಟೇ ಗುಂಡಿನ ರಚನೆಯೂ ಮುಖ್ಯ. ಸ್ಕಾಟ್ಲೆಂಡ್ 1985ರಲ್ಲಿ ಕನಿಷ್ಠ 100 ಗ್ರೇನ್ ಎಂದು ನಿಗದಿಪಡಿಸಿತ್ತು. ಸೀಸವಿಲ್ಲದ ಹಗುರ ಗುಂಡುಗಳ ಬಳಕೆಗೆ ಅನುಕೂಲವಾಗಲೆಂದು 2023ರಲ್ಲಿ ಅದನ್ನು 80ಕ್ಕೆ ಇಳಿಸಿತು.

ಇಲ್ಲಿ ಚಿಗರಿ ಎಂದರೆ ಕೃಷ್ಣಮೃಗ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಯಲ್ಲಿರುವ ಪ್ರಾಣಿ. ಅದನ್ನು ಕೊಂದವರಿಗೆ ಕನಿಷ್ಠ 3, ಗರಿಷ್ಠ 7 ವರ್ಷ ಸೆರೆವಾಸ. 2023ರ ಏಪ್ರಿಲ್‌ನಿಂದ ಜಾರಿಗೆ ಬಂದ ತಿದ್ದುಪಡಿಯಂತೆ ದಂಡ 25 ಸಾವಿರ ರೂಪಾಯಿಗೆ ಕಡಿಮೆಯಿಲ್ಲ. ಮಾಂಸ ಸಿಕ್ಕಿಬಿದ್ದರೆ ಅದು ಅಕ್ರಮವಲ್ಲವೆಂದು ಸಾಬೀತುಪಡಿಸುವ ಹೊಣೆ ಇಟ್ಟುಕೊಂಡವರದೇ. ಬೆಳೆ ರಕ್ಷಣೆಗೆಂದು ಪಡೆದ ಕೋವಿಯ ಪರವಾನಗಿ ಬೇಟೆಯ ಪರವಾನಗಿಯಲ್ಲ ಎಂಬುದು ಅನೇಕರಿಗೆ ತಿಳಿಯುವುದು ಪ್ರಕರಣ ದಾಖಲಾದ ಮೇಲೆ!

ಇನ್ನು ಭೂಮಿಯ ಮಾತು. ಗುರಿ ತಪ್ಪಿದ ಗುಂಡನ್ನು ತಡೆಯಲು ಗುಡ್ಡವೋ ದಿಬ್ಬವೋ ಹಿಂದಿರಬೇಕು. ತುಂಗಭದ್ರೆಯ ಸಮತಟ್ಟಾದ ಬಯಲಿನಲ್ಲಿ ಅಂಥ ಆಸರೆ ಅಪರೂಪ. ರೈಫಲಿನ ಗುಂಡು ಹಲವು ಕಿಲೋಮೀಟರ್ ಸಾಗಬಲ್ಲದು. ಮುಂದಿನ ಹೊಲದಲ್ಲಿ ಕಳೆ ತೆಗೆಯುವವರಿರುತ್ತಾರೆ.

ಕಾಯ್ದೆಯ 11ನೇ ಕಲಂನಲ್ಲಿ ಒಂದು ವಿನಾಯಿತಿ ಉಂಟು. ಮೊದಲ ಅನುಸೂಚಿಯ ಪ್ರಾಣಿ ಮನುಷ್ಯರ ಜೀವಕ್ಕೆ ಅಪಾಯಕಾರಿಯಾದರೆ, ಇಲ್ಲವೇ ಚೇತರಿಸಿಕೊಳ್ಳಲಾಗದಷ್ಟು ಊನ ಅಥವಾ ರೋಗಕ್ಕೆ ತುತ್ತಾಗಿದ್ದರೆ ಮುಖ್ಯ ವನ್ಯಜೀವಿ ಪರಿಪಾಲಕರು ಕೊಲ್ಲಲು ಲಿಖಿತ ಅನುಮತಿ ನೀಡಬಹುದು. ಬೆಳೆಹಾನಿ ಆ ಪಟ್ಟಿಯಲ್ಲಿಲ್ಲ. ರೈತನಿಗೆ ಉಳಿದಿರುವುದು ಬೇಲಿ, ರಾತ್ರಿಯ ಕಾವಲು, ಅರಣ್ಯ ಇಲಾಖೆಗೆ ಪರಿಹಾರದ ಅರ್ಜಿ. ಹಿಂಗಾರಿ ಬೆಳೆಗೆ ನೆಲದ ಹಸಿಯೇ ಜೀವ. ಅರ್ಜಿ ವಿಲೇವಾರಿಯಾಗುವ ಹೊತ್ತಿಗೆ ಮರುಬಿತ್ತನೆಯ ಹದ ಆರಿಹೋಗಿರುತ್ತದೆ.