ಹಳೆಯ ಲ್ಯಾಂಬ್ರೆಟಾ, ವೆಸ್ಪಾ ಗುಜರಿಗೆ ಹೋಗಲೇಬೇಕೇ? ಫಾರ್ವರ್ಡ್ ಮಾಡುವ ಮೊದಲು ಇದನ್ನು ಓದಿ

15 ವರ್ಷ ದಾಟಿದ ಗಾಡಿ ರಸ್ತೆಗಿಳಿದರೆ ಪೊಲೀಸರು ಹಿಡಿದು ಗುಜರಿಗೆ ಹಾಕುತ್ತಾರೆ, ಹಳೆ ಗಾಡಿಗೆ ಇನ್ಶೂರೆನ್ಸ್ ಸಿಗುವುದೇ ಇಲ್ಲ, ಬೇಗ ಮಾರಿಬಿಡಿ. ಈ ಧಾಟಿಯ ಸಂದೇಶಗಳು ವಾಟ್ಸ್‌ಆ್ಯಪ್ ಗ್ರೂಪುಗಳಲ್ಲಿ ಆಗಾಗ ಸುತ್ತು ಹೊಡೆಯುತ್ತವೆ. ಇವನ್ನು ನಂಬಿ ಅಜ್ಜನ ಕಾಲದ ಲ್ಯಾಂಬ್ರೆಟಾವನ್ನೋ ಅಪ್ಪನ ಸ್ಕೂಟರನ್ನೋ ಯಾವ ಕಾಗದವೂ ಇಲ್ಲದೆ ಗುಜರಿಯವರಿಗೆ ಕೊಟ್ಟುಬಿಡುವವರಿದ್ದಾರೆ. ಸಿಗುವುದೇ ಇಲ್ಲವಲ್ಲ ಎಂದು ಇನ್ಶೂರೆನ್ಸ್ ಇಲ್ಲದೆಯೇ ಓಡಿಸುವವರೂ ಇದ್ದಾರೆ. ಎರಡೂ ಅಪಾಯವೇ. ಹಾಗಾಗಿ ಈ ಮಾತುಗಳನ್ನು ಒಂದೊಂದಾಗಿ ಪರಿಶೀಲಿಸೋಣ.

ಚಿಕ್ಕ ಉತ್ತರ ಇಷ್ಟು: ಕರ್ನಾಟಕದಲ್ಲಿ ವಯಸ್ಸಾಯಿತು ಎಂಬ ಒಂದೇ ಕಾರಣಕ್ಕೆ ನಿಮ್ಮ ಸ್ಕೂಟರ್ ಕಾನೂನುಬಾಹಿರ ಆಗುವುದಿಲ್ಲ. ಕಾಗದಪತ್ರದ ಅವಧಿ ಮುಗಿದಿದ್ದರೆ ಆಗುತ್ತದೆ.

ಇಟಲಿಯ ಗಾಡಿ ನಮ್ಮ ಮನೆಗೆ ಬಂದದ್ದು ಹೇಗೆ?

ವೆಸ್ಪಾ 1946ರಲ್ಲಿ ಇಟಲಿಯ ಪಿಯಾಜಿಯೋ ಕಂಪನಿಯಲ್ಲಿ ಹುಟ್ಟಿತು. ಅದನ್ನು ವಿನ್ಯಾಸಗೊಳಿಸಿದ ಕೊರಾಡಿನೊ ದಾಸ್ಕಾನಿಯೊ ಮೂಲತಃ ವಿಮಾನ ಎಂಜಿನಿಯರ್. ಮರುವರ್ಷ ಇನ್ನೊಸೆಂಟಿ ಕಂಪನಿ ಲ್ಯಾಂಬ್ರೆಟಾವನ್ನು ತಂದಿತು. ಮಿಲಾನ್ ನಗರದ ಲ್ಯಾಂಬ್ರಾತೆ ಎಂಬ ಪ್ರದೇಶದಿಂದ ಬಂದ ಹೆಸರದು.

ಭಾರತದಲ್ಲಿ ಲ್ಯಾಂಬ್ರೆಟಾವನ್ನು ತಯಾರಿಸಿದ್ದು ಮುಂಬೈನ ಆಟೊಮೊಬೈಲ್ ಪ್ರಾಡಕ್ಟ್ಸ್ ಆಫ್ ಇಂಡಿಯಾ. ವೆಸ್ಪಾದ ಲೈಸೆನ್ಸ್ ಬಜಾಜ್ ಬಳಿ ಇತ್ತು. 1971ರಲ್ಲಿ ಆ ಲೈಸೆನ್ಸ್ ಮುಗಿದ ಮೇಲೆ ಬಂದ ಬಜಾಜ್ ಚೇತಕ್ ಕೂಡ ವೆಸ್ಪಾದ ವಿನ್ಯಾಸವನ್ನೇ ಮುಂದುವರಿಸಿತು. 1972ರಲ್ಲಿ ಸ್ಥಾಪನೆಯಾದ ಲಖನೌದ ಸ್ಕೂಟರ್ಸ್ ಇಂಡಿಯಾ ಇನ್ನೊಸೆಂಟಿಯ ಯಂತ್ರಗಳನ್ನೇ ಕೊಂಡು ತಂದು ವಿಜಯ್ ಸೂಪರ್ ತಯಾರಿಸಿತು. ಹೀಗಾಗಿ ನಮ್ಮಲ್ಲಿರುವ 'ಇಟಲಿ ಗಾಡಿ'ಗಳಲ್ಲಿ ಹೆಚ್ಚಿನವು ಭಾರತದಲ್ಲೇ ತಯಾರಾದವು. ಈ ವ್ಯತ್ಯಾಸ ಶುಲ್ಕದ ವಿಷಯದಲ್ಲಿ ಮತ್ತೆ ಬರುತ್ತದೆ.

15 ವರ್ಷ ದಾಟಿದರೆ ಗುಜರಿಯೇ?

ಇಲ್ಲ. ಮೋಟಾರು ವಾಹನ ಕಾಯ್ದೆ 1988ರ ಸೆಕ್ಷನ್ 41ರ ಪ್ರಕಾರ ಸ್ವಂತ ಬಳಕೆಯ ವಾಹನದ ಆರ್‌ಸಿ 15 ವರ್ಷ ಚಾಲ್ತಿಯಲ್ಲಿರುತ್ತದೆ. ಆಮೇಲೆ ಪ್ರತಿ ಸಲ 5 ವರ್ಷಕ್ಕೆ ನವೀಕರಿಸಬಹುದು. ಇದಕ್ಕೆ ಫಾರ್ಮ್ 25 ತುಂಬಿ, ಇನ್ಶೂರೆನ್ಸ್ ಮತ್ತು ಹೊಗೆ ತಪಾಸಣೆ ಪತ್ರದೊಂದಿಗೆ ಗಾಡಿಯನ್ನು ಆರ್‌ಟಿಒ ಕಚೇರಿಗೆ ಒಯ್ದು ತೋರಿಸಬೇಕು.

2025ರ ಆಗಸ್ಟ್‌ನಲ್ಲಿ ಪರಿಷ್ಕರಿಸಿದ ಕೇಂದ್ರದ ನಿಯಮದಂತೆ 20 ವರ್ಷ ದಾಟಿದ ದ್ವಿಚಕ್ರ ವಾಹನದ ನವೀಕರಣ ಶುಲ್ಕ 2000 ರೂಪಾಯಿ. ವಿದೇಶದಿಂದ ಆಮದಾದದ್ದಾದರೆ 20,000 ರೂಪಾಯಿ. ಹಾಗಾಗಿ ಆರ್‌ಸಿಯಲ್ಲಿ ತಯಾರಕರ ಹೆಸರು ಏನಿದೆ ಎಂದು ಮೊದಲು ನೋಡಿ. ರಾಜ್ಯದ ಹಸಿರು ತೆರಿಗೆ ಬೇರೆ ಇರುತ್ತದೆ.

ಹಾಗಾದರೆ ಈ ಸುದ್ದಿ ಹುಟ್ಟಿದ್ದೆಲ್ಲಿ? 10 ವರ್ಷ ದಾಟಿದ ಡೀಸೆಲ್ ಮತ್ತು 15 ವರ್ಷ ದಾಟಿದ ಪೆಟ್ರೋಲ್ ಗಾಡಿಗಳ ಓಡಾಟ ನಿಲ್ಲಿಸಬೇಕೆಂದು ಸುಪ್ರೀಂ ಕೋರ್ಟ್ 2018ರಲ್ಲಿ ಹೇಳಿದ್ದು ದೆಹಲಿ ರಾಜಧಾನಿ ಪ್ರದೇಶಕ್ಕೆ ಸಂಬಂಧಿಸಿ. ಅದು ಕರ್ನಾಟಕದ ನಿಯಮವಲ್ಲ. ಫಾರ್ವರ್ಡ್ ಆಗುತ್ತಾ ಆಗುತ್ತಾ 'ದೆಹಲಿ' ಎಂಬ ಪದ ಉದುರಿಹೋಗಿದೆ. ಆದರೆ ಆರ್‌ಸಿ ಅವಧಿ ಮುಗಿದ ಗಾಡಿಯನ್ನು ಓಡಿಸಿದರೆ ದಂಡ ಹಾಕುವ, ಗಾಡಿ ವಶಪಡಿಸಿಕೊಳ್ಳುವ ಅಧಿಕಾರ ಇಲ್ಲಿನ ಪೊಲೀಸರಿಗೂ ಇದೆ. ಸಂದೇಶದಲ್ಲಿ ಇಷ್ಟು ಮಾತ್ರ ನಿಜ.

50 ವರ್ಷವಾದರೆ 'ವಿಂಟೇಜ್' ಮಾಡಿಸಬೇಕೇ?

2021ರಲ್ಲಿ ಬಂದ ನಿಯಮದಂತೆ, 50 ವರ್ಷ ದಾಟಿದ ಮತ್ತು ಮೂಲರೂಪದಲ್ಲೇ ಇರುವ ವಾಹನಗಳನ್ನು ವಿಂಟೇಜ್ ಎಂದು ನೋಂದಾಯಿಸಬಹುದು. ಹೊಸ ನೋಂದಣಿಗೆ 20,000 ರೂಪಾಯಿ, ಅವಧಿ 10 ವರ್ಷ. ಈಗಾಗಲೇ ನೋಂದಣಿ ಇರುವ ಗಾಡಿಗಳು ಹಳೆಯ ನಂಬರನ್ನೇ ಉಳಿಸಿಕೊಳ್ಳಬಹುದು.

ಆದರೆ ಹಾಗೆ ನೋಂದಾಯಿಸಿದ ಗಾಡಿಯನ್ನು ಪ್ರದರ್ಶನ, ರ‍್ಯಾಲಿ, ಸಂಶೋಧನೆ, ರಿಪೇರಿ, ಪೆಟ್ರೋಲ್ ತುಂಬಿಸುವುದು ಇಂತಹ ಕೆಲಸಗಳಿಗಷ್ಟೇ ರಸ್ತೆಗಿಳಿಸಬಹುದು. ದಿನಾ ತರಕಾರಿ ತರಲು ಬಳಸುವಂತಿಲ್ಲ. ಭಾನುವಾರ ಬೆಳಿಗ್ಗೆ ಒಂದು ಸುತ್ತು ಹೋಗಿಬರುವ ಆಸೆ ನಿಮಗಿದ್ದರೆ ಮಾಮೂಲಿ ನವೀಕರಣವೇ ಅನುಕೂಲ.

ಹಳೆ ಗಾಡಿಗೆ ಇನ್ಶೂರೆನ್ಸ್ ಸಿಗುವುದಿಲ್ಲವೇ?

ಸಿಗುತ್ತದೆ. ಇಲ್ಲಿ ಎರಡು ಬಗೆಯ ವಿಮೆಯನ್ನು ಬೇರೆ ಮಾಡಿ ನೋಡಬೇಕು.

ಮೊದಲನೆಯದು ಥರ್ಡ್ ಪಾರ್ಟಿ ವಿಮೆ. ನಿಮ್ಮ ಗಾಡಿಯಿಂದ ಬೇರೆಯವರಿಗೆ ಪೆಟ್ಟಾದರೆ ಪರಿಹಾರ ಕೊಡುವುದು ಇದೇ. ಸಾರ್ವಜನಿಕ ರಸ್ತೆಗೆ ಇಳಿಯುವ ಪ್ರತಿ ಗಾಡಿಗೂ ಇದು ಕಡ್ಡಾಯ. ಇದರ ಪ್ರೀಮಿಯಂ ನಿಂತಿರುವುದು ಎಂಜಿನ್ನಿನ ಸಿಸಿ ಮೇಲೆ, ಗಾಡಿಯ ವಯಸ್ಸಿನ ಮೇಲಲ್ಲ. 2022ರ ಜೂನ್ 1ರಿಂದ ಜಾರಿಗೆ ಬಂದ ದರದಲ್ಲಿ 75ರಿಂದ 150 ಸಿಸಿವರೆಗಿನ ದ್ವಿಚಕ್ರ ವಾಹನಕ್ಕೆ ವರ್ಷಕ್ಕೆ 714 ರೂಪಾಯಿ, ತೆರಿಗೆ ಬೇರೆ. 150 ಸಿಸಿಯ ಹಳೆಯ ಲ್ಯಾಂಬ್ರೆಟಾಗೂ ಅಷ್ಟೇ, ಅದೇ ಅಳತೆಯ ಹೊಸ ಗಾಡಿಗೂ ಅಷ್ಟೇ.

ಎರಡನೆಯದು ನಿಮ್ಮ ಸ್ವಂತ ಗಾಡಿಗಾದ ಹಾನಿಯ ವಿಮೆ. ಕಷ್ಟ ಇರುವುದು ಇಲ್ಲಿ. ಗಾಡಿಯ ವಿಮಾ ಬೆಲೆಯನ್ನು ವರ್ಷ ವರ್ಷ ಕಡಿತಗೊಳಿಸುವ ಪಟ್ಟಿ 5 ವರ್ಷಕ್ಕೆ ಮುಗಿಯುತ್ತದೆ. ಆಮೇಲೆ ನೀವು ಮತ್ತು ಕಂಪನಿ ಮಾತಾಡಿ ಬೆಲೆ ಒಪ್ಪಿಕೊಳ್ಳಬೇಕು. ಮಾರುಕಟ್ಟೆಯಲ್ಲಿ ಲಕ್ಷ ಬಾಳುವ ಗಾಡಿಗೆ ಕಂಪನಿ ಕೆಲವೇ ಸಾವಿರ ಕಟ್ಟಬಹುದು, ಅಥವಾ ಈ ವಿಮೆಯೇ ಬೇಡ ಎನ್ನಬಹುದು. 'ಸಿಗಲ್ಲ' ಎಂಬ ಮಾತು ಇದಕ್ಕೆ ಅನ್ವಯಿಸಬಹುದು, ಕಡ್ಡಾಯ ವಿಮೆಗೆ ಅಲ್ಲ.

ಆನ್‌ಲೈನ್‌ನಲ್ಲಿ ನಂಬರ್ ಹಾಕಿದರೆ ಗಾಡಿಯೇ ಕಾಣುವುದಿಲ್ಲ ಎಂದು ಕೆಲವರು ಕೈಬಿಡುತ್ತಾರೆ. ಎಂವೈ, ಸಿಎ ಅಕ್ಷರಗಳ ಕಾಲದ ಪುಸ್ತಕರೂಪದ ಆರ್‌ಸಿಗಳ ವಿವರ ಕಂಪ್ಯೂಟರಿಗೆ ಸೇರದೆ ಉಳಿದಿರಬಹುದು. ಆರ್‌ಟಿಒದಲ್ಲಿ 'ಬ್ಯಾಕ್‌ಲಾಗ್ ಎಂಟ್ರಿ' ಮಾಡಿಸಿ, ಬಳಿಕ ಆರ್‌ಸಿ ಹಿಡಿದು ವಿಮಾ ಕಂಪನಿಯ ಶಾಖೆಗೇ ಹೋಗಿ ಕೇಳಿ.

ವಿಮೆ ಇಲ್ಲದೆ ಓಡಿಸಿದರೆ ಮೊದಲ ಸಲ 2000 ರೂಪಾಯಿ ದಂಡ, ಮೂರು ತಿಂಗಳವರೆಗೆ ಜೈಲು, ಅಥವಾ ಎರಡೂ. ಆದರೆ ದೊಡ್ಡ ಹೊಡೆತ ದಂಡದ್ದಲ್ಲ. ಯಾರಿಗಾದರೂ ಡಿಕ್ಕಿ ಹೊಡೆದು ಅವರು ಕಾಲು ಕಳೆದುಕೊಂಡರೆ, ನ್ಯಾಯಮಂಡಳಿ ವಿಧಿಸುವ ಪರಿಹಾರವನ್ನು ಮಾಲೀಕರೇ ಕೈಯಿಂದ ಕಟ್ಟಬೇಕು. ಅವರಲ್ಲಿ ಅಷ್ಟು ಹಣ ಇಲ್ಲದಿದ್ದರೆ ಪೆಟ್ಟು ತಿಂದವರಿಗೆ ಬರಬೇಕಾದ್ದು ಬರುವುದೇ ಇಲ್ಲ.

ಗುಜರಿಗೆ ಕೊಟ್ಟರೆ ತಲೆನೋವು ಮುಗಿಯಿತೇ?

ಆರ್‌ಸಿ ನಿಮ್ಮ ಹೆಸರಿನಲ್ಲೇ ಉಳಿದರೆ ಮುಗಿಯುವುದಿಲ್ಲ. 2018ರ ನವೀನ್ ಕುಮಾರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದನ್ನು ಸ್ಪಷ್ಟಪಡಿಸಿದೆ: ಗಾಡಿ ಕೈಬದಲಾಗಿದ್ದರೂ ದಾಖಲೆಯಲ್ಲಿ ಯಾರ ಹೆಸರಿದೆಯೋ ಪರಿಹಾರದ ಹೊಣೆಗೆ ಅವರೇ ಮಾಲೀಕರು. ನೀವು ಕಾಗದವಿಲ್ಲದೆ ಕೊಟ್ಟ ಸ್ಕೂಟರನ್ನು ಯಾರೋ ರಿಪೇರಿ ಮಾಡಿ ಓಡಿಸಿ ಅಪಘಾತವಾದರೆ ನೋಟಿಸ್ ನಿಮ್ಮ ಮನೆಗೆ ಬರಬಹುದು. ಮಾರಿದರೆ ಹೆಸರು ವರ್ಗಾಯಿಸಿ. ಗುಜರಿಗೇ ಹಾಕುವುದಾದರೆ ನೋಂದಣಿ ರದ್ದು ಮಾಡಿಸಿ.

ಅಪ್ಪ ತೀರಿಕೊಂಡಿದ್ದು ಗಾಡಿ ಇನ್ನೂ ಅವರ ಹೆಸರಿನಲ್ಲಿದ್ದರೆ, 30 ದಿನದೊಳಗೆ ಆರ್‌ಟಿಒಗೆ ತಿಳಿಸಿ, ಮೂರು ತಿಂಗಳೊಳಗೆ ಫಾರ್ಮ್ 31 ಸಲ್ಲಿಸಬೇಕು ಎಂಬುದು ನಿಯಮ. ತಡವಾಗಿದ್ದರೆ ಈಗಲಾದರೂ ಹೋಗಿ ಕೇಳಿ. ಹೆಸರು ಸರಿಯಿಲ್ಲದಿದ್ದರೆ ವಿಮೆ ಇದ್ದರೂ ಕ್ಲೇಮ್ ಸಿಕ್ಕಿಬೀಳುತ್ತದೆ.

ನೋಡಿಕೊಳ್ಳುವ ಬಗ್ಗೆ ಕೆಲವು ನಂಬಿಕೆಗಳು

ಟೂಟಿ ಆಯಿಲ್ ಹೆಚ್ಚು ಹಾಕಿದರೆ ಎಂಜಿನ್ನಿಗೆ ಒಳ್ಳೆಯದೇ? ಅಲ್ಲ. ಈ ಟೂ-ಸ್ಟ್ರೋಕ್ ಎಂಜಿನ್ನಿನಲ್ಲಿ ಪೆಟ್ರೋಲ್ ಹೋಗುವ ದಾರಿಯಲ್ಲೇ ಎಣ್ಣೆಯೂ ಹೋಗಿ ಕ್ರ್ಯಾಂಕ್, ಪಿಸ್ಟನ್‌ಗಳನ್ನು ನುಣುಪಾಗಿಡಬೇಕು. ಚೇತಕ್‌ನಂತಹ ಗಾಡಿಗೆ 2%, ಅಂದರೆ ಲೀಟರಿಗೆ 20 ಎಂಎಲ್ ಸಾಕು. ಇನ್ನೂ ಹಳೆಯ ಮಾದರಿಗಳಿಗೆ ಹೆಚ್ಚು ಬೇಕು, ಕೈಪಿಡಿ ನೋಡಿ. ಅಳತೆ ಮೀರಿದರೆ ಪ್ಲಗ್ ಮತ್ತು ಸೈಲೆನ್ಸರಿನಲ್ಲಿ ಕರಿ ಕಟ್ಟುತ್ತದೆ.

ವಾಲಿಸಿ ಕಿಕ್ ಹೊಡೆದರೆ ಸ್ಟಾರ್ಟ್ ಆಗುವುದು ನಿಜವೇ? ಆಗಬಹುದು. ವಾಲಿಸಿದಾಗ ಕಾರ್ಬುರೇಟರಿನೊಳಗೆ ಪೆಟ್ರೋಲ್ ಮಟ್ಟ ಬದಲಾಗಿ ಸ್ವಲ್ಪ ಹೆಚ್ಚು ಪೆಟ್ರೋಲ್ ಒಳಹೋಗಬಹುದು. ಚೋಕ್ ಮಾಡುವುದೂ ಅದನ್ನೇ. ದಿನಾ ವಾಲಿಸಬೇಕಾದರೆ ಕಾರ್ಬುರೇಟರ್ ಕ್ಲೀನ್ ಮಾಡಿಸಿ.

ಈ20 ಪೆಟ್ರೋಲ್ ಹಾಕಿದರೆ ಎಂಜಿನ್ ಅಂದೇ ಹಾಳಾಗುತ್ತದೆಯೇ? ಇಲ್ಲ, ಆದರೆ ಚಿಂತೆ ಪೂರ್ತಿ ಸುಳ್ಳೂ ಅಲ್ಲ. ಎಥನಾಲ್ ಹಳೆಯ ರಬ್ಬರನ್ನು ಕೆಡಿಸಬಲ್ಲದು, ತೇವವನ್ನೂ ಎಳೆದುಕೊಳ್ಳುತ್ತದೆ. ಪೆಟ್ರೋಲ್ ಪೈಪು, ವಾಷರುಗಳನ್ನು ಹೊಸ ಕಾಲದವಕ್ಕೆ ಬದಲಿಸಿ. ತಿಂಗಳುಗಟ್ಟಲೆ ನಿಲ್ಲಿಸುವುದಾದರೆ ಟ್ಯಾಂಕ್ ಮತ್ತು ಕಾರ್ಬುರೇಟರ್ ಖಾಲಿ ಮಾಡಿ.

ಹೊಸ ಪೇಂಟ್ ಹೊಡೆಸಿದರೆ ಗಾಡಿ ಗಟ್ಟಿಯೇ? ವೆಸ್ಪಾ, ಚೇತಕ್‌ಗಳಿಗೆ ಬೇರೆ ಚೌಕಟ್ಟಿಲ್ಲ, ತಗಡಿನ ಮೈಯೇ ಭಾರ ಹೊರುತ್ತದೆ. ಕಾಲಿಡುವ ಜಾಗ ತುಕ್ಕು ಹಿಡಿದಿದ್ದರೆ ಪುಟ್ಟಿ ಹಚ್ಚಿ ಮುಚ್ಚಬೇಡಿ, ವೆಲ್ಡಿಂಗ್ ಮಾಡಿಸಿ.

ಇನ್ನೊಂದು ಆರೋಗ್ಯದ ಮಾತು. ಹಳೆಯ ಬ್ರೇಕ್ ಶೂಗಳಲ್ಲಿ ಕಲ್ನಾರು ಇರಬಹುದು. ಅದರ ದೂಳು ಶ್ವಾಸಕೋಶದ ಕ್ಯಾನ್ಸರಿಗೆ ಕಾರಣವಾಗಬಲ್ಲದು. ಡ್ರಮ್ ಬಿಚ್ಚಿದಾಗ ಬಾಯಿಂದ ಊದಬೇಡಿ, ಗಾಳಿ ಹೊಡೆಸಬೇಡಿ. ಒದ್ದೆ ಬಟ್ಟೆಯಲ್ಲಿ ಒರೆಸಿ. ಮೆಕ್ಯಾನಿಕ್‌ಗೂ ಇದನ್ನು ಹೇಳಿ.

ಹೊಗೆಯ ವಿಷಯವನ್ನೂ ಮುಚ್ಚಿಡುವಂತಿಲ್ಲ. 2000ದ ಮಾರ್ಚ್ 31ರವರೆಗೆ ತಯಾರಾದ ದ್ವಿಚಕ್ರ ವಾಹನಗಳಿಗೆ ತಪಾಸಣೆಯ ಮಿತಿ ಸಡಿಲ: ಕಾರ್ಬನ್ ಮಾನಾಕ್ಸೈಡ್ 4.5%, ಹೈಡ್ರೋಕಾರ್ಬನ್ 9000 ಪಿಪಿಎಂ. ಪಾಸಾದರೂ ಇವು ಇಂದಿನ ಗಾಡಿಗಳಿಗಿಂತ ಹೆಚ್ಚು ಹೊಗೆ ಬಿಡುತ್ತವೆ. ಈ ಎಂಜಿನ್ನಿನಲ್ಲಿ ಸ್ವಲ್ಪ ಪೆಟ್ರೋಲ್ ಉರಿಯದೆಯೇ ಹೊರಗೆ ಹೋಗುತ್ತದೆ. ದಿನದ ಓಡಾಟಕ್ಕೆ ಬೇರೆ ಗಾಡಿ ಇದ್ದರೆ ಇದನ್ನು ಆಗೊಮ್ಮೆ ಈಗೊಮ್ಮೆ ಹೊರತೆಗೆಯುವುದೇ ಸರಿ.

ನಮ್ಮ ತೀರ್ಮಾನ

'15 ವರ್ಷವಾದರೆ ಗುಜರಿ' ಎಂಬುದು ಕರ್ನಾಟಕದ ಮಟ್ಟಿಗೆ ಸುಳ್ಳು. 'ಹಳೆ ಗಾಡಿಗೆ ಇನ್ಶೂರೆನ್ಸ್ ಸಿಗಲ್ಲ' ಎಂಬುದು ಅರ್ಧ ಸತ್ಯ. ಇವತ್ತೇ ಮನೆಯ ಕಪಾಟಿನಿಂದ ಆರ್‌ಸಿ ತೆಗೆದು ಮೂರು ವಿಷಯ ನೋಡಿ: ಯಾರ ಹೆಸರು, ಯಾವ ದಿನದವರೆಗೆ ಚಾಲ್ತಿ, ವಿಮೆ ಇದೆಯೇ. ಮೂರೂ ಸರಿಯಾಗುವವರೆಗೆ ಗಾಡಿ ಮನೆಯಲ್ಲೇ ಇರಲಿ. ಆ ಹಳೆಯ ಸಂದೇಶ ಕಳಿಸಿದವರಿಗೂ ಇದನ್ನು ಕಳಿಸಿ. ಅವರ ಮನೆಯ ಶೆಡ್ಡಿನಲ್ಲೂ ಒಂದು ಸ್ಕೂಟರ್ ನಿಂತಿರಬಹುದು.